ಈಜಬಲ್ಲ ನದಿ



ಮಧ್ಯಮ ದೂರದ ಟ್ರಯಥ್ಲಾನ್ ಎಂದರೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಎಲ್ಲವೂ ಒಂದೇ ದಿನ, ಒಂದರ ಬೆನ್ನಿಗೆ ಇನ್ನೊಂದು. ನದಿಗಿಳಿದವರಿಗೆ ಈಜುಕೊಳದ ತಳದ ಗೆರೆಯೂ ಇಲ್ಲ, ಹಿಡಿದು ದಣಿವಾರಿಸಿಕೊಳ್ಳಲು ಗೋಡೆಯೂ ಇಲ್ಲ. ಆಗಾಗ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಾರಿ ನೋಡಿಕೊಳ್ಳಬೇಕು. ಹರಿವಿಗೆ ಎದುರಾದಾಗ ಸೆಳೆತ ಕಡಿಮೆಯಿರುವ ದಡದತ್ತ ಸರಿಯಬೇಕು.

ಇಷ್ಟೆಲ್ಲ ಕಲಿತರೂ ನೀರು ಶುದ್ಧವಿಲ್ಲದಿದ್ದರೆ ಆಟ ಶುರುವಾಗದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜುಲೈ 30ಕ್ಕಿದ್ದ ಪುರುಷರ ಟ್ರಯಥ್ಲಾನ್ ಮರುದಿನಕ್ಕೆ ಹೋಯಿತು. ಮಳೆ ಸುರಿದು ಸೀನ್ ನದಿ ಮಲಿನಗೊಂಡಿತ್ತು. ಆದರೆ ಆ ನಗರ ಕೈಚೆಲ್ಲಲಿಲ್ಲ. 1923ರಿಂದ ಈಜು ನಿಷೇಧವಾಗಿದ್ದ ಅದೇ ನದಿ 2025ರ ಜುಲೈನಲ್ಲಿ ಜನಸಾಮಾನ್ಯರಿಗೆ ತೆರೆದುಕೊಂಡಿತು.

ನಮ್ಮ ಹರಿಹರದ ಮಗ್ಗುಲಲ್ಲೇ ತುಂಗಭದ್ರೆ ಇದ್ದಾಳೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳುತ್ತಲೇ ಬೆಳೆದವರು ನಾವು. ಇದೇ ಹೊಳೆಯಲ್ಲಿ 1984ರಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಜನ ಎದ್ದು ನಿಂತು ಪ್ರಶ್ನಿಸಿದ್ದರು. ಆ ಎಚ್ಚರ ಇಂದಿಗೂ ಬೇಕು. ಹತ್ತಿರದ ಕರೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಯುವಕ ಯುವತಿಯರು ಪಾಳಿ ಮುಗಿಸಿ ಸೈಕಲ್ ತುಳಿಯಲಿ, ಓಡಲಿ, ಬಲ್ಲವರ ಕಣ್ಗಾವಲಿನಲ್ಲಿ ಈಜು ಕಲಿಯಲಿ. ಚರಂಡಿ ನೀರು ಶುದ್ಧಗೊಳ್ಳದೆ ಹೊಳೆ ಸೇರದಂತೆ ನೋಡಿಕೊಳ್ಳುವ ಹೊಣೆ ಕಾರ್ಖಾನೆ, ನಗರಾಡಳಿತ, ಮನೆಮಂದಿ ಎಲ್ಲರದು.

ಮೈ ಗಟ್ಟಿಯಾಗಬೇಕಾದರೆ ನಿತ್ಯ ಅಭ್ಯಾಸ ಬೇಕು. ನದಿ ಶುದ್ಧವಾಗಿ ಉಳಿಯಬೇಕಾದರೂ ಅಷ್ಟೇ. ಆ ಅಭ್ಯಾಸವನ್ನು ಇಂದೇ ಆರಂಭಿಸೋಣ.