ಕಲ್ಲಿನಲ್ಲಿ ಇಲ್ಲದ ಹೆಸರು

ನಮ್ಮ ತುಮಕೂರು ಸೀಮೆಯ ಹಲವು ಮನೆತನಗಳಲ್ಲಿ ಹೆಂಗಸರು ಮಸಣಕ್ಕೆ ಹೋಗುವ ರೂಢಿಯಿಲ್ಲ. ಚಟ್ಟವು ಬೀದಿಯ ತಿರುವು ದಾಟುವವರೆಗೆ ನಿಂತು ನೋಡಿ, ಒಳಗೆ ಬಂದು ಮನೆ ತೊಳೆಯುತ್ತಾರೆ. ಹೊರುವವರು ಗಂಡಸರು. ಸತ್ತವಳು ಹೆಂಗಸಾದರೆ ಆಕೆಯ ಬದುಕನ್ನು ಬಲ್ಲವರು ಹೀಗೆ ಮನೆಯಲ್ಲಿಯೇ ಉಳಿಯುತ್ತಾರೆ. ಅರಿಯದ ನಾವು ಕೊನೆಯವರೆಗೂ ಜೊತೆಗೆ ನಡೆಯುತ್ತೇವೆ.

ಕನ್ನಡ ಎಂ.ಎ. ತರಗತಿಗಳಿಗೆ ಹಲವು ವರ್ಷ ಶಾಸನಗಳ ಪಾಠ ಹೇಳಿದವನು ನಾನು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟವು, 1904ರಲ್ಲಿ ಹೊರಬಂದದ್ದು, ತುಮಕೂರು ಜಿಲ್ಲೆಗೇ ಮೀಸಲಾದುದು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ರಾಜರ ದಾನದತ್ತಿಗಳನ್ನು ಬಿಟ್ಟರೆ, ಸಾಮಾನ್ಯ ಹೆಣ್ಣಿಗೆ ನಮ್ಮ ನಾಡು ಧಾರಾಳವಾಗಿ ಕೊಟ್ಟ ಕಲ್ಲೆಂದರೆ ಮಾಸ್ತಿಗಲ್ಲು: ಮೊಳಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ಒಂದು ತೋಳು, ಬೆರಳ ನಡುವೆ ನಿಂಬೆಹಣ್ಣು. ಬಂಧುಗಳು ತಡೆದರೂ ಕೇಳದೆ ಗಂಡನ ಹಿಂದೆ ಬೆಂಕಿ ಹೊಕ್ಕ ದೇಕಬ್ಬೆಯ ಬೆಳತೂರು ಶಾಸನವನ್ನು, 1057ರದು, ನಾನು ಪ್ರತಿವರ್ಷವೂ ರಸವತ್ತಾಗಿ ವಿವರಿಸುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಗಂಡನ ಜೊತೆ ಸತ್ತವಳಿಗೆ ಕಲ್ಲುಂಟು ಸಾರ್, ಅವನು ಸತ್ತಮೇಲೆ ಐವತ್ತು ವರ್ಷ ಬದುಕಿದವಳಿಗೆ?" ನಾನು ಗಂಟಲು ಸರಿಪಡಿಸಿಕೊಂಡು ಮುಂದಿನ ಪದ್ಯಕ್ಕೆ ಹೋದೆ.

ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ. ಕುಣಿಗಲ್ಲಿನಲ್ಲಿ ನನ್ನ ಸೋದರತ್ತೆ ಇದ್ದರು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ಮೈದುನನ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಳು ಕಳೆದವರು. ಬೀದಿಯ ಬಾಣಂತಿಯರಿಗೆಲ್ಲ ಖಾರ ಕುಟ್ಟುವವರು ಅವರೇ, ಮದುವೆಗಳಿಗೆಲ್ಲ ಹಪ್ಪಳ ಒತ್ತುವವರೂ ಅವರೇ. ಆದರೆ ದಿಬ್ಬಣ ಹೊರಡುವ ಹೊತ್ತಿಗೆ ಎದುರು ಬರಬಾರದೆಂದು ತಾವೇ ಬಾಗಿಲ ಮರೆಗೆ ಸರಿಯುತ್ತಿದ್ದರು.

1974ರಲ್ಲಿ ಅವರು ತೀರಿಕೊಂಡಾಗ ನಾನು ಹುಡುಗ. ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಪ್ಪನೊಡನೆ ಹೋದೆ. ಮುತ್ತೈದೆ ಸತ್ತರೆ ಹಸಿರು ಸೀರೆ, ಬಳೆ, ಮುಡಿತುಂಬ ಹೂವು. ಆಕೆಯ ಹಣೆಯ ಕುಂಕುಮವನ್ನು ತಮ್ಮ ಹಣೆಗೆ ಇಟ್ಟುಕೊಳ್ಳಲು ನೆರೆಯವರ ಸಾಲು. ಅತ್ತೆಗೆ ಅದೊಂದೂ ಇರಲಿಲ್ಲ. ಮಧ್ಯಾಹ್ನದೊಳಗೆ ಎಲ್ಲವೂ ಮುಗಿಯಿತು. ದಾರಿಯುದ್ದಕ್ಕೂ ಹಿರಿಯರು ಮಾತನಾಡಿದ್ದು ಆ ವರ್ಷ ಕುಣಿಗಲ್ ಕೆರೆಗೆ ನೀರು ಬಂದ ಸಂಗತಿಯನ್ನು.

ಹಿಂದಿರುಗಿ ಸ್ನಾನ ಮಾಡಿ ಬಟ್ಟೆ ಹಿಂಡುತ್ತಿದ್ದಾಗ ಹಿತ್ತಿಲಿನಿಂದ ಹೆಂಗಸರ ದನಿ ಕೇಳಿತು. ಒಬ್ಬಾಕೆ ಅಳುತ್ತ, ನಡುವೆ ನಗುತ್ತ ಹೇಳುತ್ತಿದ್ದರು: ಅತ್ತೆ ಹಪ್ಪಳದ ಕಾಸನ್ನು ಇಂಗಿನ ಡಬ್ಬಿಯಲ್ಲಿ ಕೂಡಿಟ್ಟು, ಪಕ್ಕದ ಮನೆಯ ಹುಡುಗಿಯ ಹೈಸ್ಕೂಲು ಫೀಜನ್ನು ಮೂರು ವರ್ಷ ಕಟ್ಟಿದ್ದರಂತೆ. ಆ ರೂಪಾಯಿಗಳೆಲ್ಲ ಇಂಗು ನಾರುತ್ತಿದ್ದವಂತೆ. ಹೆಣ ಹೊತ್ತ ನಾಲ್ವರಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ. ಒಡಹುಟ್ಟಿದ ನನ್ನ ಅಪ್ಪನಿಗೂ ತಿಳಿದಿರಲಿಲ್ಲ.

ಕಾಲ ತುಸು ಬದಲಾಗಿಲ್ಲವೆನ್ನಲಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಹುಲಿಕಲ್ಲಿಗೆ ಸೊಸೆಯಾಗಿ ಹೋಗಿ, ಅಲ್ಲಿಂದ ಕುದೂರಿನ ದಾರಿಗೆ 385 ಆಲದ ಮರಗಳನ್ನು ಬೆಳೆಸಿದ ತಿಮ್ಮಕ್ಕನವರು 2025ರ ನವೆಂಬರ್ 14ರಂದು ಅಗಲಿದರು. ಇಬ್ಬರಿಗೂ ಸಕಲ ಸರ್ಕಾರಿ ಗೌರವ ಸಂದಿತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಹೆಸರಿನ ಮುಂದೆ ಜನ ಸೇರಿಸಿದ ಮಾತು: ಸೂಲಗಿತ್ತಿ, ಸಾಲುಮರದ. ಗಂಡನೂ ಅಲ್ಲ, ಮಗನೂ ಅಲ್ಲ, ಮಾಡಿದ ಕೆಲಸ. ಉಳಿದವರ ಪಾಡನ್ನು ತುಮಕೂರಿನ ವೃತ್ತಗಳಲ್ಲಿ ಕಟ್ಟುವ ಶ್ರದ್ಧಾಂಜಲಿಯ ಫ್ಲೆಕ್ಸುಗಳಲ್ಲಿ ನೋಡಿ. 'ಇಂಥವರ ಮಾತೃಶ್ರೀಯವರು' ಎಂಬುದು ದಪ್ಪಕ್ಷರ. ಆಕೆಯ ಹೆಸರು ಅದರ ಕೆಳಗೆ, ಸಣ್ಣದಾಗಿ.

ಅನ್ಯರನ್ನು ಆಕ್ಷೇಪಿಸುವ ಯೋಗ್ಯತೆ ನನಗಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ತೀರಿಕೊಂಡರು. ಹನ್ನೆರಡನೆಯ ದಿನ ಸಪಿಂಡೀಕರಣಕ್ಕೆ ಕುಳಿತಾಗ ಪುರೋಹಿತರು ನಮ್ಮ ವಂಶದ ಹೆಂಗಸರ ಹೆಸರನ್ನು ಮೂರು ತಲೆಮಾರಿನವರೆಗೆ ಕೇಳಿದರು. ಅಜ್ಜಿಯ ಹೆಸರು ಹೇಳಿದೆ. ಮುತ್ತಜ್ಜಿಯದನ್ನು ತಡವರಿಸಿ ಹೇಳಿದೆ. ಅದರ ಮೇಲಿನವರದು ನನಗೂ ತಮ್ಮಂದಿರಿಗೂ ಬರಲಿಲ್ಲ. ಅವರ ಗಂಡಂದಿರ ಹೆಸರುಗಳೋ, ನಿದ್ದೆಯಲ್ಲಿ ಕೇಳಿದರೂ ಬರುತ್ತಿದ್ದವು. ಹೆಸರು ತಿಳಿಯದಿದ್ದರೆ ಶಾಸ್ತ್ರದಲ್ಲಿ ಅದಕ್ಕೂ ದಾರಿಯುಂಟೆಂದು ಪುರೋಹಿತರು ಮುಂದುವರಿಯುವುದರಲ್ಲಿದ್ದರು.

ಆಗ ಅಡುಗೆಮನೆಯಿಂದ, ತೊಂಬತ್ತರ ಹತ್ತಿರದ ನನ್ನ ಚಿಕ್ಕಮ್ಮನ ದನಿ ಬಂತು. ಹೆಸರು ಹೇಳಿದರು. ಹೇಳಿ, "ಅದು ಈ ಮನೆಯಲ್ಲಿ ಇಟ್ಟಿದ್ದು. ತವರಿನ ಹೆಸರು ಬೇರೆ ಇತ್ತು, ಅತ್ತೆಯವರು ಹೇಳುತ್ತಿದ್ದರು. ಯಾವುದು ಬೇಕಪ್ಪ?" ಎಂದರು.

ಒಂದು ಸಾಕೆಂದರು ಪುರೋಹಿತರು. ಆ ಸಂಜೆ ನಾನು ಕಾಗದ ಹಿಡಿದು ಚಿಕ್ಕಮ್ಮನ ಮುಂದೆ ಕುಳಿತೆ. ಎರಡು ಹೆಸರನ್ನೂ ಬರೆದುಕೊಂಡು ಆಮೇಲೆ ಉಳಿದದ್ದನ್ನು ಕೇಳಿದೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಹಾಳೆ ತುಂಬಿತ್ತು. ಚಿಕ್ಕಮ್ಮ ಇನ್ನೂ ಮುತ್ತಜ್ಜಿಯ ಮದುವೆಯಲ್ಲಿಯೇ ಇದ್ದರು.