ಹಳೆಯ ಸಾಲ, ಹೊಸ ಸಹಿ



ನಾನು ಓದಿದ್ದು ಭೌತಶಾಸ್ತ್ರ. ವೃತ್ತಿಯಲ್ಲಿ ದೂರದರ್ಶನದ ಕಾರ್ಯಕ್ರಮ ನಿರ್ಮಾಪಕ. ಕಾನೂನು ನನ್ನ ವಿಷಯವಲ್ಲ. ಆದರೂ ಇಂದು ಸಾಲ ವಸೂಲಿಯ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಲು ಕುಳಿತಿದ್ದೇನೆ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಇದಕ್ಕೆ ಕಾರಣ.

ಸಾಲದ ವಿಷಯ ದೊಡ್ಡವರಿಗೆ ಸೇರಿದ್ದು, ನಮಗೇಕೆ ಎಂದು ನೀವು ಕೇಳಬಹುದು. ವಸೂಲಿಯವರು ಬಾಗಿಲು ತಟ್ಟಿದಾಗ ಬಾಗಿಲು ತೆರೆಯುವವರು ಎಷ್ಟೋ ಸಲ ನೀವೇ. ಅವರು ತಂದ ಕಾಗದವನ್ನು ಪೂರ್ತಿ ಓದಬಲ್ಲವರೂ ಎಷ್ಟೋ ಮನೆಗಳಲ್ಲಿ ನೀವೇ. ಆದ್ದರಿಂದ ಈ ವಿಷಯ ನಿಮಗೂ ಬೇಕು.

ನನ್ನ ತಂದೆ ಅರಸೀಕೆರೆಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. 2010ರಲ್ಲಿ ಅವರು ಕಂತಿನ ಮೇಲೆ ಒಂದು ಫ್ರಿಜ್ ಕೊಂಡರು. ತಿಂಗಳಿಗೆ 1,150 ರೂಪಾಯಿಯಂತೆ ಹನ್ನೆರಡು ಕಂತು. ಕೊನೆಯ ಕಂತು 2011ರ ಮಾರ್ಚ್‌ಗೆ ಮುಗಿಯಬೇಕಿತ್ತು. ಮನೆಗೆ ಬರುತ್ತಿದ್ದ ಹುಡುಗನ ಕೈಗೆ ನಗದು ಕೊಟ್ಟು ರಸೀದಿ ಪಡೆಯುವುದು ರೂಢಿಯಾಗಿತ್ತು. ಎಲ್ಲವೂ ತೀರಿತೆಂದು ಅಪ್ಪ ಮರೆತೂ ಬಿಟ್ಟರು.

2021ರ ನವೆಂಬರ್‌ನಲ್ಲಿ, ನಾನು ಊರಿಗೆ ಹೋಗಿದ್ದ ದಿನವೇ, ಇಬ್ಬರು ಯುವಕರು ಬಂದರು. ಸಾಲ ಕೊಟ್ಟ ಕಂಪನಿಯ ಹೆಸರು ಬೇರೆ, ಇವರು ಹೇಳಿದ ಹೆಸರು ಬೇರೆ. "ಮೇಷ್ಟ್ರೇ, ನಿಮ್ಮದು ಹಳೆಯ ಬಾಕಿ ಇದೆ. ಬಡ್ಡಿ, ದಂಡ ಸೇರಿ 26,400 ರೂಪಾಯಿ" ಎಂದರು. ಅಪ್ಪನ ಮುಖ ಬಿಳಿಚಿತು. ಎದುರು ಮನೆಯವರು ಜಗುಲಿಯಲ್ಲಿ ಕುಳಿತಿದ್ದರು. ಅದನ್ನು ಕಂಡ ಯುವಕನೊಬ್ಬ ದನಿ ಸ್ವಲ್ಪ ಏರಿಸಿದ. ಇನ್ನೊಬ್ಬ ಮೆತ್ತಗೆ ಹೇಳಿದ: "ಈಗ ಬರೀ ಐನೂರು ಕೊಟ್ಟು ಇಲ್ಲೊಂದು ಸಹಿ ಹಾಕಿ ಸಾರ್, ಮಿಕ್ಕಿದ್ದು ನಿಧಾನಕ್ಕೆ ನೋಡೋಣ."

ಅಪ್ಪ ಪೆನ್ನು ತೆಗೆದೇಬಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ನಾಲ್ಕು ಜನ ಏನೆಂದಾರು ಎಂಬ ಒಂದೇ ಅಳುಕಿಗೆ, ಓದದ ಕಾಗದಕ್ಕೆ ಸಹಿ ಹಾಕಲು ಹೊರಟಿದ್ದರು. ನಾನು ಕಾಗದ ತೆಗೆದುಕೊಂಡು ಓದಿದೆ. "ಮೇಲ್ಕಂಡ ಬಾಕಿಯನ್ನು ಒಪ್ಪಿ, ಕಂತುಗಳಲ್ಲಿ ತೀರಿಸುವುದಾಗಿ ವಾಗ್ದಾನ ಮಾಡುತ್ತೇನೆ" ಎಂದಿತ್ತು.

ಈ ಒಂದು ಸಾಲಿನ ಬೆಲೆ ಎಷ್ಟು? ಇಲ್ಲಿ ಸ್ವಲ್ಪ ಕಾನೂನು ತಿಳಿಯಬೇಕು.

ನಮ್ಮ ದೇಶದ 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಸಾಮಾನ್ಯ ಹಣದ ಸಾಲಕ್ಕೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಸ್ಥಿರಾಸ್ತಿಯ ಅಡಮಾನದ ಮೇಲಿನ ಸಾಲಕ್ಕೆ ಹನ್ನೆರಡು ವರ್ಷ. ಅವಧಿ ಮುಗಿಯುವ ಮೊದಲೇ ಸಾಲಗಾರ ಬರಹದಲ್ಲಿ ಸಾಲವನ್ನು ಒಪ್ಪಿ ಸಹಿ ಮಾಡಿದರೆ, ಅಂದಿನಿಂದ ಮತ್ತೆ ಹೊಸದಾಗಿ ಎಣಿಕೆ ಶುರು. ಸ್ವಲ್ಪ ಹಣ ಕಟ್ಟಿ, ಅದಕ್ಕೆ ಅವನ ಕೈಬರಹವೋ ಸಹಿಯೋ ಇದ್ದರೂ ಹಾಗೆಯೇ. ಇದಾವುದೂ ಆಗದೆ ಅವಧಿ ಮುಗಿದ ಮೇಲೆ ದಾವೆ ಹೂಡಿದರೆ, ಪ್ರತಿವಾದಿ ಆ ಮಾತು ಎತ್ತದಿದ್ದರೂ ನ್ಯಾಯಾಲಯ ಅದನ್ನು ವಜಾ ಮಾಡಬೇಕು. ಅಪ್ಪನ ಕೊನೆಯ ಕಂತಿನ ಲೆಕ್ಕದಲ್ಲಿ ಈ ಅವಧಿ 2014ರ ಮಾರ್ಚ್‌ಗೇ ಮುಗಿದಿತ್ತು.

ಆದರೆ ಇನ್ನೊಂದು ಕಾಯಿದೆ ಇದೆ, 1872ರ ಕರಾರು ಕಾಯಿದೆ. ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ, ಅದು ಊರ್ಜಿತವಾದ ಹೊಸ ಕರಾರು ಎನ್ನುತ್ತದೆ ಅದರ 25ನೆಯ ಕಲಮು. ಏಳು ವರ್ಷದ ಹಿಂದೆಯೇ ದಾವೆಯ ದಾರಿ ಮುಚ್ಚಿದ್ದ ಬಾಕಿಗೆ ಆ ಪೆನ್ನಿನ ಒಂದು ಗೀಟು ಹೊಸ ದಾರಿ ತೆರೆಯುತ್ತಿತ್ತು. ಬಂದವರಿಗೆ ಬೇಕಾಗಿದ್ದುದು ಐನೂರು ರೂಪಾಯಿಯಲ್ಲ, ಸಹಿ.

ನಾನು ಅವರೊಡನೆ ಜಗಳಕ್ಕೆ ಹೋಗಲಿಲ್ಲ. ಪ್ರಯೋಗಶಾಲೆಯಲ್ಲಿ ಮೇಷ್ಟ್ರು ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: ಆಧಾರ ಎಲ್ಲಿ? ನಿಮ್ಮ ಗುರುತಿನ ಚೀಟಿ ಯಾವುದು, ವಸೂಲಿಗೆ ನಿಮ್ಮನ್ನು ನೇಮಿಸಿದ ಪತ್ರ ಯಾವುದು, ಮೂಲ ಒಪ್ಪಂದದ ಪ್ರತಿ ಮತ್ತು ಕಟ್ಟಿದ ಕಂತುಗಳ ಪೂರ್ತಿ ಲೆಕ್ಕ ಎಲ್ಲಿ, ಆ ಕಂಪನಿಯ ಬಾಕಿ ನಿಮಗೆ ಹೇಗೆ ಬಂತು? ಅವರ ಬಳಿ ಇದ್ದುದು ಹೆಸರು, ಮೊತ್ತಗಳ ಒಂದು ಪಟ್ಟಿ ಮಾತ್ರ. ಅವರು ಹೋದ ಮೇಲೆ ದಿನಾಂಕ, ವೇಳೆ, ಬಂದವರು, ಆಡಿದ ಮಾತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮರುದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಅಪ್ಪನ ಹೆಸರಿನಲ್ಲಿ ಪತ್ರ ಹೋಯಿತು: "ನೀವು ಹೇಳುವ ಬಾಕಿಯನ್ನು ನಾನು ಒಪ್ಪಿಲ್ಲ. ದಾಖಲೆಗಳನ್ನು ಕಳುಹಿಸಿ. ಇನ್ನು ಮುಂದೆ ಬರಹದಲ್ಲಿ ಮಾತ್ರ ವ್ಯವಹರಿಸಿ." ಅಂಚೆಯ ರಸೀದಿ, ಪತ್ರದ ಪ್ರತಿ ಎರಡನ್ನೂ ಜೋಪಾನ ಮಾಡಿದೆವು.

ಮಿತ್ರರೇ, ವಸೂಲಿ ಮಾಡುವುದು ತಪ್ಪಲ್ಲ, ಅದಕ್ಕೂ ಒಂದು ಕ್ರಮವಿದೆ. ಸಾಲ ವಸೂಲಿ ಕಾನೂನಿನ ಮಾರ್ಗದಲ್ಲೇ ನಡೆಯಬೇಕು, ತೋಳ್ಬಲದಿಂದಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದು, ನಾಲ್ವರ ಮುಂದೆ ಅವಮಾನಿಸಬಾರದು, ಬಂಧು ಮಿತ್ರರನ್ನು ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಸೂಚನೆ ಕೊಟ್ಟಿತು. ಕಂಪನಿಗೆ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರವಿಲ್ಲದಿದ್ದರೆ, ಆ ಸಂಸ್ಥೆ ಯೋಜನೆಯ ವ್ಯಾಪ್ತಿಯಲ್ಲಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು. ಕಿರುಸಾಲದವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

"ಪೊಲೀಸರನ್ನು ಕರೆಸಿ ಒಳಗೆ ಹಾಕಿಸುತ್ತೇವೆ" ಎಂಬ ಬೆದರಿಕೆ ಸಾಮಾನ್ಯ. ಸಾಲ ತೀರಿಸಲಾಗದಿರುವುದು ಸಿವಿಲ್ ವ್ಯಾಜ್ಯವೇ ಹೊರತು ಅಷ್ಟರಿಂದಲೇ ಅಪರಾಧವಲ್ಲ. ಆದರೆ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಅದು ಬೇರೆ ಮಾತು, ಅದಕ್ಕೆ ಕ್ರಿಮಿನಲ್ ಮೊಕದ್ದಮೆ ಉಂಟು. ಆದ್ದರಿಂದ ಬಾಗಿಲಲ್ಲಿ ನಿಂತವರಿಗೆ ಖಾಲಿ ಚೆಕ್ಕನ್ನು ಕೊಡಲೇಬೇಡಿ. ಹಾಗೆಯೇ ನ್ಯಾಯಾಲಯದ ಸಮನ್ಸ್ ಬಂದರೆ, ಅದು ಎಷ್ಟೇ ಹಳೆಯ ಸಾಲದ್ದಿರಲಿ, ಮೂಲೆಗೆ ಎಸೆಯಬೇಡಿ. ಗೊತ್ತಾದ ದಿನ ಹಾಜರಾಗಿ ಉತ್ತರ ಕೊಡಲೇಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ದೂರವಾಣಿ 15100.

ಇನ್ನು ನಮ್ಮ ಮನೆಯ ಕಥೆಯ ಉಳಿದ ಭಾಗ. ಆ ರಾತ್ರಿ ಅಟ್ಟದ ಟ್ರಂಕು ಇಳಿಸಿ ರಸೀದಿ ಹುಡುಕಿದೆವು. ಹನ್ನೊಂದು ಸಿಕ್ಕವು. ಹನ್ನೆರಡನೆಯದು ಸಿಗಲಿಲ್ಲ. "ಕೊಟ್ಟಿದ್ದೇನೆ ಅಂತಲೇ ನೆನಪು ಕಣೋ, ಆದರೆ ಖಚಿತವಾಗಿ ಹೇಳಲಾರೆ" ಎಂದರು ಅಪ್ಪ. ಅಡುಗೆಮನೆಯಲ್ಲಿ ಅದೇ ಫ್ರಿಜ್ ಗುಂಯ್ ಎನ್ನುತ್ತಿತ್ತು.

"ಹೇಗೂ ಅವಧಿ ಮುಗಿದಿದೆ, ಬಿಡಿ" ಎಂದೆ ನಾನು. ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ. "ಕೋರ್ಟಿಗೆ ಹೋಗೋ ದಾರಿ ಮುಚ್ಚಿದೆ ಅಂದೆ. ಸಾಲವೇ ಇಲ್ಲ ಅಂತ ಕಾನೂನು ಹೇಳುತ್ತಾ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿತ್ತು. ಕಾಲಮಿತಿ ದಾವೆಯ ಹಕ್ಕನ್ನು ತಡೆಯುತ್ತದೆ, ಸಾಲವನ್ನು ಅಳಿಸುವುದಿಲ್ಲ. ಅದು ಇರುವುದು ಸಾಲ ಮುಳುಗಿಸುವವರಿಗೆ ಅನುಕೂಲವಾಗಲೆಂದಲ್ಲ. ವರ್ಷ ಕಳೆದಂತೆ ರಸೀದಿ ಗೆದ್ದಲು ಹಿಡಿಯುತ್ತದೆ, ಸಾಕ್ಷಿಗಳು ಊರು ಬಿಡುತ್ತಾರೆ, ನೆನಪು ಮಸುಕಾಗುತ್ತದೆ. ಆಗ ನಿಜವನ್ನು ಅಳೆಯುವ ಸಾಧನಗಳೇ ಇಲ್ಲವಾಗುತ್ತವೆ. ಕೇಳುವವರು ಕಾಲಕ್ಕೆ ಕೇಳಬೇಕು ಎಂಬುದೇ ಅದರ ತಾತ್ಪರ್ಯ.

ಅಪ್ಪ ಒಂದು ಲಕೋಟೆಯಲ್ಲಿ 1,150 ರೂಪಾಯಿ ಇಟ್ಟು, ಹನ್ನೊಂದು ರಸೀದಿಗಳ ಜೊತೆ ಟ್ರಂಕಿಗೆ ಹಾಕಿದರು. ಸರಿಯಾದ ಲೆಕ್ಕ ತೋರಿಸಿದರೆ ಕಂಪನಿಯ ಖಾತೆಗೇ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆಯುವುದು ಅವರ ಎಣಿಕೆ. ನಮ್ಮ ಪತ್ರಕ್ಕೆ ಇದುವರೆಗೆ ಉತ್ತರ ಬಂದಿಲ್ಲ. ಲಕೋಟೆ ಅಲ್ಲೇ ಇದೆ.

ಸಾಲ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನಿಮ್ಮಲ್ಲಿ ಹಲವರ ಓದೇ ಸಾಲದಿಂದ ನಡೆಯುತ್ತಿರಬಹುದು. ಮಾಡಿದರೆ ಕಾಲಕ್ಕೆ ತೀರಿಸಿ. ತೀರಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ. ಅಪ್ಪ ಅದನ್ನು ಕೇಳಿ ಪಡೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಕೊಡಬೇಕಾದ್ದು ನಿಜವಾಗಿದ್ದರೆ ಕೊಡುವುದು ಮರ್ಯಾದೆ. ಆದರೆ ಬಾಗಿಲಲ್ಲಿ ನಿಂತವರು ಜೋರಾಗಿ ಹೇಳಿದರೆಂಬ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಲೆಕ್ಕ ಕೇಳುವುದು ಮರ್ಯಾದೆಗೇಡಿನ ಕೆಲಸವಲ್ಲ.

ಇಂದು ಮನೆಗೆ ಹೋದ ಮೇಲೆ ಅಪ್ಪ ಅಮ್ಮನಿಗೆ ಇಷ್ಟು ಹೇಳಿ: ಯಾರೇ ಬಂದು ಹಳೆಯ ಬಾಕಿ ಎಂದರೆ, ಕಾಗದ ಕೊಟ್ಟು ಹೋಗಿ ಎನ್ನಿ, ನಾವೆಲ್ಲ ಕೂತು ಓದೋಣ, ಓದುವವರೆಗೆ ಸಹಿ ಬೇಡ.