ರಜೆಯ ಆಟ, ರಜೆಯ ಊಟ



ಬೇಸಿಗೆ ರಜೆ ಎಂದೊಡನೆ ಈ ಸಭೆಯಲ್ಲಿರುವ ಹಲವರಿಗೆ ಮೊದಲು ನೆನಪಾಗುವುದು ಅಜ್ಜಿಯ ಮನೆ. ಏಪ್ರಿಲ್ 10ರಂದು ಪಾಸೋ ಫೇಲೋ ತಿಳಿದ ಮರುದಿನವೇ ಬಟ್ಟೆಯ ಗಂಟು ಕಟ್ಟಿಕೊಂಡು ಊರ ಬಸ್ಸು ಹತ್ತುತ್ತಿದ್ದ ಕಾಲ ಅದು. ಬೆಳಿಗ್ಗೆ ಲಗೋರಿ, ಚಿನ್ನಿದಾಂಡು. ಬಿಸಿಲೇರಿದ ಮೇಲೆ ಜಗಲಿಯ ಮೇಲೆ ಚೌಕಾಬಾರ, ಅಳಗುಳಿಮಣೆ. ಮಹಡಿಯಲ್ಲಿ ಒಣಹಾಕಿದ ಹಪ್ಪಳ ಸಂಡಿಗೆಗೆ ಕಾಗೆ ಕಾಯುವ ಕೆಲಸ. ಕಾಯುವವರೇ ಅರ್ಧ ಒಣಗಿದ ಸಂಡಿಗೆಯನ್ನು ಮುಗಿಸುವುದೂ ಉಂಟು. ಮಾವು, ಹಲಸು, ಮಜ್ಜಿಗೆ, ರಾತ್ರಿ ಕೈತುತ್ತು, ಆಮೇಲೆ ಕತೆ. ರಜೆಯಲ್ಲಿ ಮಕ್ಕಳಿಗೆ ಏನು ಆಡಿಸಬೇಕು, ಏನು ಉಣ್ಣಿಸಬೇಕು ಎಂದು ಆಗ ಯಾರೂ ಬೇರೆ ಬೇರೆ ಯೋಜನೆ ಹಾಕಲಿಲ್ಲ. ಆಟವೂ ಊಟವೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು.

ಎಲ್ಲ ಮಕ್ಕಳಿಗೂ ಅಂಥ ಅಜ್ಜಿಯ ಮನೆ ಇತ್ತೆಂದು ಹೇಳುವಂತಿಲ್ಲ. ಅಜ್ಜಿಯೇ ಕೂಲಿಗೆ ಹೋಗುತ್ತಿದ್ದ ಮನೆಗಳು ಆಗಲೂ ಇದ್ದವು, ಈಗಲೂ ಇವೆ. ಆದರೆ ಕಳೆದ ಎರಡು ದಶಕಗಳಲ್ಲಿ ಒಂದು ದೊಡ್ಡ ಬದಲಾವಣೆ ನಡೆದಿದೆ. ಸರ್ಕಾರಿ ಶಾಲೆ ಅಕ್ಷರ ಕಲಿಸುವ ಜಾಗವಾಗಿ ಉಳಿಯುವುದರ ಜೊತೆಗೆ ಅನ್ನ ನೀಡುವ ಜಾಗವೂ ಆಯಿತು. ಆದ್ದರಿಂದ ಇಂದು ಶಾಲೆಗೆ ರಜೆ ಎಂದರೆ ಅಡುಗೆಮನೆಗೂ ರಜೆ. ಈ ಸಂಗತಿಯ ಕಡೆಗೆ ಸ್ವಲ್ಪ ಗಮನ ಹರಿಸುವುದು ಈ ಉಪನ್ಯಾಸದ ಉದ್ದೇಶ.

ಶಾಲೆಯ ಊಟದ ಚರಿತ್ರೆ ಸಾಮಾನ್ಯವಾಗಿ ಎಲ್ಲರಿಗೂ ತಿಳಿದದ್ದೇ. ತಮಿಳುನಾಡಿನಲ್ಲಿ 1956ರಲ್ಲಿ ಕಾಮರಾಜರು ಅದಕ್ಕೆ ವ್ಯಾಪಕ ರೂಪ ಕೊಟ್ಟರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಇನ್ನಷ್ಟು ವಿಸ್ತರಿಸಿದರು. ಕೇಂದ್ರ ಸರ್ಕಾರದ ಯೋಜನೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆದರೆ ಬಹುಪಾಲು ರಾಜ್ಯಗಳಲ್ಲಿ ಆಗ ಮಕ್ಕಳಿಗೆ ಸಿಕ್ಕಿದ್ದು ಬೆಂದ ಅನ್ನವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002-03ರಲ್ಲಿ ಉತ್ತರದ ಜಿಲ್ಲೆಗಳಿಂದ ಬಿಸಿಯೂಟ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. 2013ರ ಆಗಸ್ಟಿನಿಂದ 'ಕ್ಷೀರ ಭಾಗ್ಯ'ದ ಹಾಲೂ ಸೇರಿತು. ಮುಂದೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಬಂದವು.

ಈ ಕ್ರಮಕ್ಕೆ ಒಂದು ಮಿತಿ ಮೊದಲಿನಿಂದಲೂ ಇದೆ. 2001ರ ಆದೇಶ ವರ್ಷಕ್ಕೆ ಕನಿಷ್ಠ 200 ದಿನಗಳ ಊಟದ ಮಾತನ್ನಾಡಿತು. ಅಂಗನವಾಡಿಗಳಲ್ಲಿ ಪೂರಕ ಆಹಾರ ವರ್ಷಕ್ಕೆ 300 ದಿನ ಎಂಬ ಲೆಕ್ಕವಿದೆ. ಐದು ವರ್ಷದವರೆಗೆ 300 ದಿನ ಉಂಡ ಮಗು ಒಂದನೆಯ ತರಗತಿಗೆ ಸೇರಿದೊಡನೆ ಅದರ ಪಾಲಿನ ದಿನಗಳು ಕಡಿಮೆಯಾಗುತ್ತವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೆಯ ಕಲಮು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: 6ರಿಂದ 14 ವರ್ಷದ ಮಕ್ಕಳಿಗೆ ಪ್ರತಿದಿನ ಒಂದು ಮಧ್ಯಾಹ್ನದ ಊಟ ಉಚಿತ, ಆದರೆ ಶಾಲೆಯ ರಜಾ ದಿನಗಳನ್ನು ಬಿಟ್ಟು. ಊಟವನ್ನು ಹಕ್ಕೆಂದು ಒಪ್ಪಿಕೊಂಡ ಕಾನೂನೇ ಆ ಹಕ್ಕನ್ನು ಶಾಲೆಯ ಗಂಟೆಗೆ ಕಟ್ಟಿಹಾಕಿದೆ.

ಇದರ ಪರಿಣಾಮ ಯಾರ ಮೇಲೆ ಆಗುತ್ತದೆ? ತಾಯಿತಂದೆ ಇಬ್ಬರೂ ಬೆಳಕು ಹರಿಯುವ ಮುನ್ನ ಕೆಲಸಕ್ಕೆ ಹೊರಡುವ ಮನೆಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಬಡಿದ ರೊಟ್ಟಿ ಬುತ್ತಿಗೂ ಆಗಬೇಕು, ಮನೆಯಲ್ಲಿ ಉಳಿದವರಿಗೂ ಆಗಬೇಕು. ಶಾಲೆಯ ದಿನಗಳಲ್ಲಿ ಮಧ್ಯಾಹ್ನದ ಚಿಂತೆ ಇರುವುದಿಲ್ಲ. ರಜೆಯಲ್ಲಿ ಅದೇ ಹಿಟ್ಟಿನಲ್ಲಿ ಇನ್ನೂ ಎರಡು ಮೂರು ಹೊಟ್ಟೆ ತುಂಬಬೇಕು. ಇಂಥ ಮನೆಯಲ್ಲಿ ಒಲೆ ಹಚ್ಚುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ದೂರದಿಂದ ನೀರು ತರುವುದು ಹತ್ತು ಹನ್ನೊಂದು ವರ್ಷದ ಹಿರಿಯ ಹುಡುಗಿಯ ಪಾಲಿಗೆ ಬರುತ್ತದೆ. ಅವಳಿಗೆ ರಜೆ ಎಂದರೆ ಕೆಲಸ ಹೆಚ್ಚುವ ಕಾಲ. ಮಳೆಯಿಲ್ಲದ ವರ್ಷ ಇಡೀ ಕುಟುಂಬವೇ ಗುಳೆ ಹೊರಟರೆ ಕೆಲವು ಮಕ್ಕಳು ಕಟ್ಟಡ ಕೆಲಸದ ಜಾಗಕ್ಕೆ, ಇಟ್ಟಿಗೆ ಗೂಡಿನ ಜಾಗಕ್ಕೆ ಹೋಗಿಬಿಡುತ್ತಾರೆ. ಜೂನಿನಲ್ಲಿ ಹಾಜರಿ ಕೂಗುವಾಗ ಅವರೆಲ್ಲರೂ ಮರಳಿರುವುದಿಲ್ಲ.

ಇನ್ನೊಬ್ಬರನ್ನೂ ಇಲ್ಲಿ ಮರೆಯಬಾರದು. ಬಿಸಿಯೂಟ ಬೇಯಿಸುವವರು ಬಹುತೇಕ ಅದೇ ಊರಿನ ಬಡ ಹೆಣ್ಣುಮಕ್ಕಳು. 2009ರ ಕೇಂದ್ರದ ಲೆಕ್ಕದಲ್ಲಿ ಅವರಿಗೆ ನಿಗದಿಯಾದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸಿದರೂ ಹತ್ತು ತಿಂಗಳ ಲೆಕ್ಕಾಚಾರವೇ ಆಧಾರ. ಶಾಲೆಯ ಒಲೆ ಆರಿದರೆ ಅದನ್ನು ಹಚ್ಚುತ್ತಿದ್ದವರ ಮನೆಗೂ ಬಿಸಿ ತಟ್ಟುತ್ತದೆ.

ರಜೆಯಲ್ಲಿ ಮಕ್ಕಳು ಸೊರಗುತ್ತಾರೆ ಎಂಬುದು ಹೊಸ ತಿಳಿವಳಿಕೆಯಲ್ಲ. ನೂರು ವರ್ಷಗಳಿಗೂ ಹಿಂದೆ ಅದನ್ನು ತೂಕದ ಯಂತ್ರದ ಮೇಲೆ ತೋರಿಸಿಕೊಟ್ಟ ಊರೊಂದಿದೆ. ಅದು ಇಂಗ್ಲೆಂಡಿನ ಬ್ರಾಡ್‌ಫರ್ಡ್. ಉಣ್ಣೆ ಗಿರಣಿಗಳಿಗೆ ಹೆಸರಾದ, ಕಾರ್ಮಿಕರೇ ತುಂಬಿದ್ದ ನಗರ. ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ನೀಡುವ ಕಾಯ್ದೆ ಅಲ್ಲಿ 1906ರಲ್ಲಿ ಬಂದಿತ್ತು. ಮರುವರ್ಷ ಬ್ರಾಡ್‌ಫರ್ಡಿನ ಶಾಲಾ ವೈದ್ಯಾಧಿಕಾರಿ ರಾಲ್ಫ್ ಕ್ರೌಲಿ ಮತ್ತು ಅಡುಗೆ ಶಿಕ್ಷಣದ ಮೇಲ್ವಿಚಾರಕಿ ಮೇರಿಯನ್ ಕಫ್ ಸೇರಿ ಸುಮಾರು 40 ಮಕ್ಕಳಿಗೆ ಬೆಳಗಿನ ಗಂಜಿ, ಮಧ್ಯಾಹ್ನದ ಊಟ ಕೊಟ್ಟು ಆಗಾಗ ತೂಕ ನೋಡಿದರು. ಊಟ ಸಿಕ್ಕ ವಾರಗಳಲ್ಲಿ ತೂಕ ಏರಿತು. ನಡುವೆ ಹಬ್ಬದ ರಜೆ ಬಂದು ಊಟ ನಿಂತಾಗ ತೂಕ ಇಳಿಯಿತು. ಮತ್ತೆ ಶಾಲೆ ತೆರೆದಾಗ ಏರಿತು. ಅವರು ಬರೆದ ನಕ್ಷೆಯಲ್ಲಿ ರಜೆ ಒಂದು ಹಳ್ಳದಂತೆ ಕಾಣುತ್ತದೆ.

ಆದರೆ 1906ರ ಕಾಯ್ದೆ ಶಾಲೆ ನಡೆಯುವ ದಿನಗಳಿಗಷ್ಟೇ ಅನ್ವಯಿಸುತ್ತಿತ್ತು. ಶಾಲೆಯಿಲ್ಲದ ದಿನವೂ ಸ್ಥಳೀಯ ತೆರಿಗೆಯ ಹಣದಿಂದ ಊಟ ಕೊಡಬಹುದೆಂದು ಕಾಯ್ದೆ ತಿದ್ದುಪಡಿಯಾದದ್ದು 1914ರಲ್ಲಿ. ಕಣ್ಣಿಗೆ ಕಂಡ ಹಸಿವನ್ನು ಕಾನೂನು ಒಪ್ಪಿಕೊಳ್ಳಲು ಏಳು ವರ್ಷ ಬೇಕಾಯಿತು. ಬ್ರಾಡ್‌ಫರ್ಡಿನ ಪ್ರಯೋಗದಲ್ಲಿ ಇನ್ನೊಂದು ಗಮನಾರ್ಹ ಅಂಶವಿತ್ತು. ಮೇಜಿಗೆ ಬಟ್ಟೆ ಹಾಸಿ, ಹೂವಿಟ್ಟು ಬಡಿಸುತ್ತಿದ್ದರು. ಹಸಿದವರಿಗೆ ಭಿಕ್ಷೆ ನೀಡಿದಂತೆ ಆಗಬಾರದು ಎಂಬ ಎಚ್ಚರ ಅದು.

ನಮ್ಮಲ್ಲಿ ಈ ಪ್ರಶ್ನೆ ಎದ್ದದ್ದು ಬರದ ಮೂಲಕ. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಊಟ ನೀಡಬೇಕೆಂದು ಹೇಳಿತು. 2016ರ ಮೇ ತಿಂಗಳಲ್ಲಿ, ಸ್ವರಾಜ್ ಅಭಿಯಾನದ ಮೊಕದ್ದಮೆಯಲ್ಲಿ, ಅದೇ ಮಾತನ್ನು ಮತ್ತೆ ಒತ್ತಿ ಹೇಳಿತು. ಕರ್ನಾಟಕದಲ್ಲಿ ಬರದ ವರ್ಷಗಳಲ್ಲಿ ರಜೆಯ ಬಿಸಿಯೂಟ ನಡೆದಿದೆ. 2023ರ ಮುಂಗಾರು ಕೈಕೊಟ್ಟು 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, 2024ರ ಬೇಸಿಗೆಯಲ್ಲಿ ಆ ತಾಲ್ಲೂಕುಗಳ ಶಾಲೆಗಳಲ್ಲಿ ಊಟದ ವ್ಯವಸ್ಥೆಗೆ ಆದೇಶವಾಯಿತು.

ಇದು ಒಳ್ಳೆಯ ಕ್ರಮವೇ. ಆದರೂ ಎರಡು ಕೊರತೆಗಳು ಉಳಿಯುತ್ತವೆ. ಮೊದಲನೆಯದು, ಬರ ಘೋಷಣೆಯಾಗುವುದು ಮಳೆ ಮತ್ತು ಬೆಳೆಯ ಲೆಕ್ಕದ ಮೇಲೆ. ಮಳೆ ಚೆನ್ನಾಗಿ ಬಂದ ವರ್ಷವೂ ಹೊಲವಿಲ್ಲದ ಕೂಲಿಯವರ ಮನೆಯಲ್ಲಿ ಮೇ ತಿಂಗಳು ಕಷ್ಟದ ತಿಂಗಳೇ. ಎರಡನೆಯದು ಮಕ್ಕಳ ಸ್ವಭಾವಕ್ಕೆ ಸಂಬಂಧಿಸಿದ್ದು. ಪಾಠವಿಲ್ಲ, ಆಟವಿಲ್ಲ, ತಟ್ಟೆ ಹಿಡಿದುಕೊಂಡು ಬಿಸಿಲಿನಲ್ಲಿ ಬಂದು ಉಂಡು ಹೋಗು ಎಂದರೆ ಎಷ್ಟು ಮಕ್ಕಳು ಬಂದಾರು? ಸ್ವಲ್ಪ ದೊಡ್ಡ ಮಕ್ಕಳಿಗಂತೂ ಊಟಕ್ಕೆಂದೇ ಹೋಗುವುದು ಸಂಕೋಚದ ವಿಷಯ. 'ಅವರ ಮನೆಯಲ್ಲಿ ಇಲ್ಲ, ಅದಕ್ಕೇ ಬಂದಿದ್ದಾರೆ' ಎಂಬ ಮಾತು ಕಿವಿಗೆ ಬಿದ್ದರೆ ಮರುದಿನ ಅವರು ಬರುವುದಿಲ್ಲ.

ಇನ್ನೊಂದು ಕಡೆ, ರಜೆಯಲ್ಲಿ ಮಕ್ಕಳಿಗೆ ಚಟುವಟಿಕೆ ಒದಗಿಸುವ ಸಂಪ್ರದಾಯ ಕನ್ನಡ ನಾಡಿನಲ್ಲಿ ಚೆನ್ನಾಗಿಯೇ ಬೆಳೆದಿದೆ. ಅದರ ಹಿಂದೆ ಹವ್ಯಾಸಿ ರಂಗಭೂಮಿಯ ದುಡಿಮೆಯಿದೆ. ಬಿ.ವಿ. ಕಾರಂತ ಮತ್ತು ಪ್ರೇಮಾ ಕಾರಂತ ದಂಪತಿ ಮಕ್ಕಳ ನಾಟಕವನ್ನು ಗಂಭೀರವಾಗಿ ತೆಗೆದುಕೊಂಡರು. ಮೈಸೂರಿನ ರಂಗಾಯಣದ 'ಚಿಣ್ಣರ ಮೇಳ' ಬೇಸಿಗೆಯಲ್ಲಿ ಮಕ್ಕಳಿಗೆ ಹಾಡು, ಕುಣಿತ, ಮುಖವಾಡ, ನಾಟಕಗಳ ಲೋಕವನ್ನು ತೆರೆದಿಟ್ಟಿತು. ಊರೂರಿನ ತಂಡಗಳು ಆ ಮಾದರಿಯಲ್ಲಿ ಶಿಬಿರ ನಡೆಸಿದವು. ಕಾಲಕ್ರಮದಲ್ಲಿ ನಗರಗಳಲ್ಲಿ 'ಬೇಸಿಗೆ ಶಿಬಿರ' ಎಂಬುದು ಶುಲ್ಕ ಕಟ್ಟಿ ಸೇರುವ ವ್ಯವಸ್ಥೆಯಾಯಿತು. ಅಲ್ಲಿ ಕಲಿಯುವುದು ಬಹಳ. ಆದರೆ ಅಲ್ಲಿಗೆ ಹೋಗುವ ಮಗು ಮನೆಯಿಂದ ಡಬ್ಬಿ ತರುತ್ತದೆ. ಡಬ್ಬಿಯಲ್ಲಿ ತುಂಬಲು ಏನೂ ಇಲ್ಲದ ಮಗು ಆ ಬಾಗಿಲ ತನಕವೂ ಬರುವುದಿಲ್ಲ. ಹೀಗೆ ಒಂದು ಗುಂಪಿನ ಮಕ್ಕಳಿಗೆ ಆಟ, ಇನ್ನೊಂದು ಗುಂಪಿಗೆ ಬರ ಬಂದರೆ ಮಾತ್ರ ಊಟ ಎಂಬ ವಿಂಗಡಣೆಯಾಯಿತು.

ಎರಡನ್ನೂ ಕೂಡಿಸಿದ ಪ್ರಯತ್ನ ನಮ್ಮಲ್ಲೇ ನಡೆದಿದೆ. 2017ರ ಬೇಸಿಗೆಯಲ್ಲಿ ಬರಪೀಡಿತ ಪ್ರದೇಶಗಳ ಸರ್ಕಾರಿ ಶಾಲೆಗಳಲ್ಲಿ 'ಸ್ವಲ್ಪ ಓದು, ಸ್ವಲ್ಪ ಮೋಜು' ಎಂಬ ಕಾರ್ಯಕ್ರಮ ಏರ್ಪಟ್ಟಿತು. ಅದರ ಹೆಸರೇ ಅದರ ಅರ್ಥವನ್ನು ಹೇಳುತ್ತದೆ. ಬಿಸಿಯೂಟದ ಜೊತೆಗೆ ಆಟ, ಓದು, ಲೆಕ್ಕದ ಒಗಟು. ಮಗು ಮನೆಯಿಂದ ಹೊರಡುವಾಗ 'ಶಿಬಿರಕ್ಕೆ ಹೋಗುತ್ತೇನೆ' ಎಂದು ಹೇಳಬಹುದು. 'ಊಟಕ್ಕೆ ಹೋಗುತ್ತೇನೆ' ಎನ್ನಬೇಕಾಗಿಲ್ಲ. ಈ ಸಣ್ಣ ವ್ಯತ್ಯಾಸವೇ ಮುಖ್ಯವಾದದ್ದು.

ಇಂಗ್ಲೆಂಡೂ ಬಹಳ ಸುತ್ತಿ ಬಳಸಿ ಇದೇ ತೀರ್ಮಾನಕ್ಕೆ ಬಂದಿತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇಲ್ಲಿ ಮಕ್ಕಳ ಮನೆಗಳಿಗೆ ಧಾನ್ಯ ಹಂಚಬೇಕಾಯಿತು. ಅಲ್ಲಿ ಊಟದ ಚೀಟಿಗಳನ್ನು ಕೊಟ್ಟರು. ಬೇಸಿಗೆ ರಜೆಯಲ್ಲಿ ಚೀಟಿ ನಿಲ್ಲುತ್ತದೆ ಎಂದಾಗ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್, ಬಾಲ್ಯದಲ್ಲಿ ಶಾಲೆಯ ಉಚಿತ ಊಟವನ್ನೇ ನಂಬಿ ಬೆಳೆದವರು, ಸಂಸತ್ ಸದಸ್ಯರಿಗೆ ಬಹಿರಂಗ ಪತ್ರ ಬರೆದರು. ಸರ್ಕಾರ ಜೂನಿನಲ್ಲಿ ಮಣಿಯಿತು. ಅಕ್ಟೋಬರಿನಲ್ಲಿ ಮುಂದಿನ ರಜೆಗಳಿಗೂ ಅದನ್ನು ವಿಸ್ತರಿಸುವ ಪ್ರಸ್ತಾಪ ಸಂಸತ್ತಿನಲ್ಲಿ 322-261 ಮತಗಳಿಂದ ಬಿದ್ದುಹೋಯಿತು. ಜನರ ಒತ್ತಾಯ ನಿಲ್ಲಲಿಲ್ಲ. ನವೆಂಬರಿನಲ್ಲಿ ಸರ್ಕಾರ ಮತ್ತೆ ಮನಸ್ಸು ಬದಲಿಸಿ, 2018ರಿಂದ ಕೆಲವೆಡೆ ಪ್ರಯೋಗವಾಗಿ ನಡೆಯುತ್ತಿದ್ದ ರಜೆಯ ಚಟುವಟಿಕೆ ಮತ್ತು ಆಹಾರ ಕಾರ್ಯಕ್ರಮವನ್ನು 2021ರಲ್ಲಿ ಇಡೀ ಇಂಗ್ಲೆಂಡಿಗೆ ವಿಸ್ತರಿಸಿತು. ಅದರ ಕ್ರಮ ಸರಳ: ವರ್ಷಕ್ಕೆ ಆರು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಆಟ, ಈಜು, ಚಿತ್ರಕಲೆ, ಅಡುಗೆ ಕಲಿಕೆ ಮತ್ತು ಒಂದು ಸರಿಯಾದ ಊಟ. ಬ್ರಾಡ್‌ಫರ್ಡಿನ ಮೇಜಿನ ಮೇಲಿನ ಹೂವಿನ ಕಾಳಜಿ ಇಲ್ಲಿ ಆಟದ ರೂಪದಲ್ಲಿ ಮರಳಿದೆ.

ನಮ್ಮ ಊರುಗಳಲ್ಲಿ ಇಂಥದ್ದನ್ನು ನಡೆಸಲು ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ. ಶಾಲೆಯ ಅಡುಗೆಕೋಣೆ ಇದೆ, ಪಾತ್ರೆಗಳಿವೆ, ಅಡುಗೆ ಬಲ್ಲವರು ಕೆಲಸವಿಲ್ಲದೆ ಕುಳಿತಿದ್ದಾರೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಇತ್ತೀಚಿನ ಬೇಸಿಗೆಗಳಲ್ಲಿ ಅಲ್ಲಿ ಮಕ್ಕಳ ಶಿಬಿರಗಳೂ ನಡೆದಿವೆ. ಕೋಲಾಟ, ಸೋಬಾನೆ, ಬಯಲಾಟ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಕಾಲೇಜಿನ ರಜೆಯಲ್ಲಿ ಊರಿಗೆ ಬಂದ ಹುಡುಗ ಹುಡುಗಿಯರಿದ್ದಾರೆ. ಗ್ರಂಥಾಲಯ ಒಂದು ಇಲಾಖೆಗೆ, ಅಡುಗೆಕೋಣೆ ಇನ್ನೊಂದು ಇಲಾಖೆಗೆ ಸೇರಿದ್ದರಿಂದ ಒಂದರ ಬಾಗಿಲು ತೆರೆದಾಗ ಇನ್ನೊಂದರದು ಮುಚ್ಚಿರುತ್ತದೆ. ಎರಡನ್ನೂ ಒಂದೇ ಬೆಳಿಗ್ಗೆ ತೆರೆಯುವ ಏರ್ಪಾಡು ಬೇಕು.

ತೊಡಕುಗಳಿಲ್ಲವೆಂದಲ್ಲ. ಮೇ ತಿಂಗಳ ಬಿಸಿಲು ರಾಯಚೂರು, ಕಲಬುರಗಿ ಕಡೆ ಮಕ್ಕಳು ಹೊರಬರುವಂಥದ್ದಲ್ಲ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಆರಂಭಿಸಿ ಹನ್ನೊಂದರೊಳಗೆ ಉಣ್ಣಿಸಿ ಕಳಿಸಬೇಕು. ನೀರಿನ ಅಭಾವವಿರುತ್ತದೆ. ಶಿಕ್ಷಕರಿಗೂ ರಜೆ ಬೇಕು. ಅವರನ್ನು ಮತ್ತೆ ಕರೆದು ಕೂರಿಸುವುದು ನ್ಯಾಯವಲ್ಲ. ಅಡುಗೆಯವರಿಗೆ ಆ ದಿನಗಳ ಸಂಬಳ ಕೊಡಬೇಕು. ಶಿಬಿರ ಮತ್ತೊಂದು ಶಾಲೆಯಾಗಿ ಮಕ್ಕಳನ್ನು ಬೆದರಿಸಬಾರದು. ಏಳು ವಾರವೂ ನಡೆಸಲಾಗದಿದ್ದರೆ ಮೂರು ನಾಲ್ಕು ವಾರ ನಡೆಸಿದರೂ ಸಾಕಷ್ಟು ಉಪಕಾರವಾಗುತ್ತದೆ. ಹಿರಿಯ ಹುಡುಗಿಯರು ತಮ್ಮ ಸೊಂಟದ ಮೇಲಿನ ಕೂಸನ್ನೂ ಕರೆತರಲು ಅವಕಾಶವಿರಬೇಕು. ಇಲ್ಲವಾದರೆ ಶಿಬಿರ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿಯುತ್ತಾರೆ.

ಕೊನೆಯದಾಗಿ ಒಂದು ಮಾತು. ಈ ಯೋಜನೆಗೆ ನಾಡು ಆರಿಸಿಕೊಂಡ ಹೆಸರು 'ದಾಸೋಹ'. ಶರಣರಿಂದ ಬಂದ ಆ ಮಾತಿನಲ್ಲಿ ಕೊಡುವವನು ದೊಡ್ಡವನಲ್ಲ; ಬಡಿಸುವುದು ಸೇವೆ, ಉಣ್ಣುವುದು ಪಂಕ್ತಿಯಲ್ಲಿ ಎಲ್ಲರ ಜೊತೆ. ದಾಸೋಹ ನಡೆಸುವ ನಮ್ಮ ಮಠಗಳಲ್ಲಿ ಹಬ್ಬ, ಜಾತ್ರೆ ಬಂದ ದಿನ ಒಲೆಯನ್ನು ಆರಿಸುವುದಿಲ್ಲ. ಆ ದಿನ ಇನ್ನೂ ದೊಡ್ಡ ಹಂಡೆ ಏರಿಸುತ್ತಾರೆ. ಶಾಲೆಯ ದಾಸೋಹ ಮಾತ್ರ ರಜೆಯ ದಿನ ತಣ್ಣಗಾಗುತ್ತದೆ. ಹೆಸರಿಗೆ ತಕ್ಕಂತೆ ನಡೆಯಬೇಕೆಂದರೆ ಕಾಯ್ದೆಯಲ್ಲಿ 'ರಜಾ ದಿನಗಳನ್ನು ಬಿಟ್ಟು' ಎಂದಿರುವ ಮಾತನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಅದಕ್ಕೆ ಕಾಲ ಹಿಡಿಯಬಹುದು. ಆದರೆ ಮುಂದಿನ ಏಪ್ರಿಲ್ 11ರ ಬೆಳಿಗ್ಗೆ ಊರಿನ ಶಾಲೆಯ ಬೀಗದ ಕೈ ಯಾರ ಬಳಿ ಇದೆ, ಅದನ್ನು ಕೇಳಿ ಪಡೆಯುವವರು ಯಾರು ಎಂಬುದನ್ನು ಆಯಾ ಊರಿನವರು ಈಗಲೇ ಕುಳಿತು ಮಾತಾಡಿಕೊಳ್ಳಬಹುದು.